ರಕ್ತನಾಳಗಳ ಉರಿಯೂತ ಮತ್ತು ವಂಶವಾಹಿ ಕಾರಣಗಳು: ಸಾರ್ವಜನಿಕರಿಗೆ ಮಾಹಿತಿ

ರಕ್ತನಾಳಗಳ ಗೋಡೆ ಊದಿಕೊಂಡು ಅಂಗಾಂಗಗಳಿಗೆ ರಕ್ತ ಪೂರೈಕೆ ಕುಂಠಿತವಾಗುವುದನ್ನು ರಕ್ತನಾಳಗಳ ಉರಿಯೂತ ಎನ್ನಲಾಗುತ್ತದೆ. ಇದು ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ.

ವಂಶವಾಹಿಯ ಪಾತ್ರ: ಬಹುತೇಕ ಬಗೆಗಳಲ್ಲಿ ವಂಶವಾಹಿಯು ರೋಗದ ಸಾಧ್ಯತೆಯನ್ನು ಹೆಚ್ಚಿಸುತ್ತದೆಯೇ ಹೊರತು ಅದೊಂದೇ ಕಾರಣವಲ್ಲ. ಯುವತಿಯರಲ್ಲಿ ಹೆಚ್ಚಾಗಿ ಕಂಡುಬರುವ ಟಕಾಯಾಸು ರೋಗವು ಇದಕ್ಕೆ ಉದಾಹರಣೆ. ಆದರೆ 2014ರಲ್ಲಿ ಗುರುತಿಸಲಾದ ಎಡಿಎ-2 ಕೊರತೆಯು, ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಪಡೆದ ಮಗುವಿಗೆ ಉಂಟಾಗುತ್ತದೆ. ಇಬ್ಬರೂ ವಾಹಕರಾಗಿದ್ದಲ್ಲಿ ಪ್ರತಿ ಗರ್ಭಧಾರಣೆಯಲ್ಲಿಯೂ ಈ ಸಾಧ್ಯತೆ ಶೇ. 25. ಸೋದರಮಾವ ಅಥವಾ ಸೋದರತ್ತೆಯ ಮಗನೊಡನೆ ಆಗುವಂತಹ ರಕ್ತಸಂಬಂಧದ ವಿವಾಹಗಳಲ್ಲಿ ಇಬ್ಬರೂ ವಾಹಕರಾಗಿರುವ ಸಂಭವ ಹೆಚ್ಚು.

ಲಕ್ಷಣಗಳು: ಪದೇ ಪದೇ ಜ್ವರ, ಚರ್ಮದ ಮೇಲೆ ಬಲೆಯಂತಹ ಕೆನ್ನೀಲಿ ಗೆರೆಗಳು, ಬಾಲ್ಯದಲ್ಲಿಯೇ ಪಾರ್ಶ್ವವಾಯು. ಟಿಎನ್‌ಎಫ್ ತಡೆಯುವ ಔಷಧಿಗಳಿಂದ ಪಾರ್ಶ್ವವಾಯು ಮರುಕಳಿಸುವುದನ್ನು ಬಹುಮಟ್ಟಿಗೆ ತಪ್ಪಿಸಬಹುದಾದ್ದರಿಂದ ವಿಳಂಬ ಸಲ್ಲದು.

ಸಂಪರ್ಕಿಸಬೇಕಾದ ಆಸ್ಪತ್ರೆ: ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ನಿವಾಸಿಗಳು ತಮ್ಮ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯನ್ನು, ಹಾಸನದವರು ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯನ್ನು ಸಂಪರ್ಕಿಸುವುದು. ಮೇಲ್ಮಟ್ಟದ ಆಸ್ಪತ್ರೆಗೆ ಶಿಫಾರಸು ಪತ್ರ ಕೋರುವಾಗ ಆಧಾರ್, ಪಡಿತರ ಚೀಟಿ ಹಾಗೂ ಹಿಂದಿನ ಚಿಕಿತ್ಸಾ ದಾಖಲೆಗಳನ್ನು ತರತಕ್ಕದ್ದು.

ವಿಶೇಷ ಸೂಚನೆ: ಪೋಷಕರ ರಕ್ತಸಂಬಂಧವನ್ನೂ, ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲಿ ಪಾರ್ಶ್ವವಾಯುವಿಗೆ ತುತ್ತಾದವರ ವಿವರವನ್ನೂ ವೈದ್ಯರಿಗೆ ಮರೆಮಾಚದೆ ತಿಳಿಸುವುದು. ವಾಹಕರಾಗಿರುವುದು ಯಾರ ತಪ್ಪೂ ಅಲ್ಲ. ಈ ಕಾರಣಕ್ಕೆ ತಾಯಿಯನ್ನು ದೂಷಿಸುವುದು ಸರಿಯಲ್ಲ.