ದೀಪದ ಬುಡದ ಕಟ್ಟಡಗಳು

ಹೊಸ ವರ್ಷದ ಹಿಂದಿನ ರಾತ್ರಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಕಂಬದಿಂದ ಇಳಿದುಬರುವ ದೀಪದ ಚೆಂಡನ್ನು ಟಿ.ವಿ.ಯಲ್ಲಿ ನೋಡಿದವರು ನಮ್ಮಲ್ಲೂ ಅನೇಕರಿದ್ದಾರೆ. ಆದರೆ ಆ ಚೆಂಡನ್ನು ತಲೆಯ ಮೇಲೆ ಹೊತ್ತ ಕಟ್ಟಡದ ಬಹುತೇಕ ಅಂತಸ್ತುಗಳು ಬಹುಕಾಲ ಖಾಲಿ ಬಿದ್ದಿದ್ದವೆಂದರೆ ಆಶ್ಚರ್ಯವಾದೀತು. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಜಾಗದ ಹೆಸರು ಲಾಂಗ್‌ಏಕರ್ ಸ್ಕ್ವೇರ್. ಆಗ ಇಲ್ಲಿದ್ದುದು ಕುದುರೆ ಮತ್ತು ಸಾರೋಟುಗಳ ವ್ಯಾಪಾರ. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ತನ್ನ ಗೋಪುರವನ್ನು ಇಲ್ಲಿ ಕಟ್ಟಿಸುತ್ತಿದ್ದಾಗ, 1904ರ ಏಪ್ರಿಲ್‌ನಲ್ಲಿ, ಚೌಕಕ್ಕೆ ಪತ್ರಿಕೆಯ ಹೆಸರೇ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಸುರಂಗ ರೈಲು ಓಡಾಡತೊಡಗಿತು. ರೈಲು ಜನರನ್ನು ತಂದಿತು, ನಾಟಕಶಾಲೆಗಳು ಅವರನ್ನು ರಾತ್ರಿಯವರೆಗೆ ಹಿಡಿದಿಟ್ಟವು. ಜನ ನೆರೆದ ಕಡೆ ಜಾಹೀರಾತು ಬಾರದಿರುತ್ತದೆಯೇ? ಬ್ರಾಡ್‌ವೇ ರಸ್ತೆಯು ಏಳನೆಯ ಅವೆನ್ಯೂವನ್ನು ಓರೆಯಾಗಿ ಹಾದುಹೋಗುವುದರಿಂದ ಇಲ್ಲಿ ವಿಶಾಲವಾದ ಬಯಲು ಏರ್ಪಟ್ಟಿದೆ. ಫಲಕ ಬಹುದೂರಕ್ಕೆ ಕಾಣುತ್ತದೆ.

1907ರ ಡಿಸೆಂಬರ್ 31ರಂದು ಮೊದಲ ಬಾರಿ ಇಳಿದ ಚೆಂಡಿನಲ್ಲಿದ್ದುದು ಕೇವಲ 100 ಬಲ್ಬುಗಳು. 1928ರ ನವೆಂಬರಿನಲ್ಲಿ ಗೋಪುರದ ಸುತ್ತ ಬಲ್ಬುಗಳ ಪಟ್ಟಿಯಲ್ಲಿ ಸುದ್ದಿಗಳು ಓಡತೊಡಗಿದವು. ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನು ಜನ ಬೀದಿಯಲ್ಲೇ ನಿಂತು ಓದಿದರು. 1941ರಲ್ಲಿ ಡಗ್ಲಾಸ್ ಲೀ ಎಂಬಾತ ಹಾಕಿಸಿದ ಸಿಗರೇಟು ಫಲಕವೊಂದು ಬಾಯಿಂದ ಹೊಗೆಯ ಉಂಗುರಗಳನ್ನು ಬಿಡುತ್ತಿತ್ತು. ಅದು ನಿಜವಾಗಿ ಹೊಗೆಯಲ್ಲ, ನೀರಿನ ಹಬೆ! ಇಪ್ಪತ್ತೈದು ವರ್ಷ ಈ ತಮಾಷೆ ನಡೆಯಿತು.

ಪತ್ರಿಕೆಯು 1913ರಷ್ಟು ಹಿಂದೆಯೇ ಜಾಗ ಸಾಲದೆ ಪಕ್ಕದ ಬೀದಿಗೆ ಹೋಗಿತ್ತು. 1961ರಲ್ಲಿ ಮೂಲ ಗೋಪುರವನ್ನು ಕೊಂಡವನು ಬೇರಾರೂ ಅಲ್ಲ, ಫಲಕಗಳ ಅದೇ ಡಗ್ಲಾಸ್ ಲೀ. ಆನಂತರ ಬಂದ ರಾಸಾಯನಿಕ ಕಂಪೆನಿಯೊಂದು ಹಳೆಯ ಕೆತ್ತನೆಯ ಹೊರಮೈಯನ್ನು ಕಿತ್ತು ಅಮೃತಶಿಲೆ ಹೊದಿಸಿತು. 1995ರಲ್ಲಿ ಸುಮಾರು 2.75 ಕೋಟಿ ಡಾಲರಿಗೆ ಇದನ್ನು ಕೊಂಡ ಹೊಸ ಮಾಲೀಕರು ಲೆಕ್ಕ ಹಾಕಿ ನೋಡಿದರು. ಒಳಗಿನ ಕೋಣೆಗಳನ್ನು ದುರಸ್ತಿ ಮಾಡಿಸಿ ಬಾಡಿಗೆಗೆ ಕೊಡುವುದಕ್ಕಿಂತ ಹೊರಗೋಡೆಗಳನ್ನು ಜಾಹೀರಾತಿಗೆ ಕೊಡುವುದೇ ಲಾಭವೆಂದು ಕಂಡಿತು. ಎರಡೇ ವರ್ಷಗಳಲ್ಲಿ ಕಟ್ಟಡ ಸುಮಾರು 11 ಕೋಟಿ ಡಾಲರಿಗೆ ಮಾರಾಟವಾಯಿತು. ಒಳಗೆ ಮನುಷ್ಯರಿಲ್ಲದ ಮನೆಗೆ ನಾಲ್ಕು ಪಟ್ಟು ಬೆಲೆ!

ಇದೆಲ್ಲವೂ ವ್ಯಾಪಾರಿಗಳ ಇಚ್ಛೆಯಂತೆಯೇ ನಡೆಯಿತೆಂದು ತಿಳಿಯಬಾರದು. 1970ರ ದಶಕದಲ್ಲಿ ಪ್ರದೇಶವು ಅಪರಾಧಕ್ಕೂ ಅಶ್ಲೀಲ ಚಿತ್ರಗಳಿಗೂ ಕುಖ್ಯಾತವಾಗಿತ್ತು. ಉದ್ಧಾರದ ಹೆಸರಿನಲ್ಲಿ 1982ರಲ್ಲಿ ಹೋಟೆಲೊಂದಕ್ಕಾಗಿ ಮೊರಾಸ್ಕೋ, ಹೆಲೆನ್ ಹೇಸ್ ಸೇರಿ ಐದು ಹಳೆಯ ರಂಗಮಂದಿರಗಳನ್ನು ಕೆಡವಲಾಯಿತು. ಕಲಾವಿದರು ಬೀದಿಗಿಳಿದು ಬಂಧನಕ್ಕೊಳಗಾದರೂ ಅವು ಉಳಿಯಲಿಲ್ಲ. ಮುಂದೆ ಫಲಕಗಳಿಲ್ಲದ ಕಚೇರಿ ಗೋಪುರಗಳ ಯೋಜನೆ ಬಂದಾಗ ನಾಗರಿಕರು ಎಚ್ಚೆತ್ತರು. 1984ರಲ್ಲಿ ಸಂಘವೊಂದರ ಕರೆಯಂತೆ ಒಂದು ಸಂಜೆ ಚೌಕದ ದೀಪಗಳನ್ನೇ ಆರಿಸಿ, ಕತ್ತಲಾದರೆ ಹೇಗಿರುತ್ತದೆಂದು ತೋರಿಸಿದರು. ಫಲವಾಗಿ 1987ರ ನಿಯಮವು, ಇಲ್ಲಿ ಹೊಸ ಕಟ್ಟಡ ಕಟ್ಟುವವರು ಬೆಳಗುವ ಫಲಕ ಹಾಕಲೇಬೇಕೆಂದು ವಿಧಿಸಿತು. ಬೆಳಕು ಸಾಲದೆಂದು ವಾದವಾಗಬಾರದೆಂದು ಅದಕ್ಕೊಂದು ಅಳತೆಯನ್ನೂ ಗೊತ್ತುಮಾಡಿದರು.

ಅದೇ ಕಾಲದಲ್ಲಿ ಅನೇಕ ರಂಗಮಂದಿರಗಳಿಗೆ ಕಾನೂನಿನ ರಕ್ಷಣೆಯೂ ದೊರೆಯಿತು. ಇದರ ಬೆಲೆ ತಿಳಿದದ್ದು 2022ರಲ್ಲಿ. 1913ರಲ್ಲಿ ತೆರೆದ ಪ್ಯಾಲೆಸ್ ಥಿಯೇಟರಿನ ಒಳಾಂಗಣವನ್ನು ಕೆಡವುವಂತಿರಲಿಲ್ಲ. ಆದರೆ ಅದರ ಜಾಗದಲ್ಲಿ ಅಂಗಡಿಗಳು ಬೇಕಾಗಿದ್ದವು. ಸುಮಾರು 7,000 ಟನ್ ತೂಕದ ರಂಗಮಂದಿರವನ್ನು ಇಡಿಯಾಗಿ 30 ಅಡಿ ಮೇಲಕ್ಕೆತ್ತಿದರು! ಕೆಳಗೆ ಅಂಗಡಿಗಳಿಗೆ ಸ್ಥಳ, ಹೊರಗೆ ಭಾರಿ ಪರದೆ, ನಡುವೆ ಹಳೆಯ ರಂಗ. 2024ರಲ್ಲಿ ಅಲ್ಲಿ ಮತ್ತೆ ಪ್ರದರ್ಶನ ಆರಂಭವಾಯಿತು.

ಬೆಂಗಳೂರಿನಲ್ಲಿ ಇದರ ತಿರುಗುಮುರುಗನ್ನು ಕಂಡಿದ್ದೇವೆ. 2018ರ ಆಗಸ್ಟಿನಲ್ಲಿ ಉಚ್ಚ ನ್ಯಾಯಾಲಯ ಗದರಿಸಿದ ಮೇಲೆ ನಗರದ ಫ್ಲೆಕ್ಸುಗಳನ್ನು ರಾಶಿ ರಾಶಿಯಾಗಿ ಕಿತ್ತರು. ಅಲ್ಲಿ ಹಾಕಲೇಬೇಕು, ಇಲ್ಲಿ ತೆಗೆಯಲೇಬೇಕು. ಎರಡೂ ಕಡೆ ನಿರ್ಧರಿಸಬೇಕಾದ ಪ್ರಶ್ನೆ ಒಂದೇ: ಬೀದಿ ಯಾರದು? ಫಲಕ ಇಂದು ಬದಲಾದರೆ ನಾಳೆ ಇನ್ನೊಂದು ಬಂದೀತು. ಕೆಡವಿದ ಆ ಐದು ರಂಗಮಂದಿರಗಳು ಮಾತ್ರ ಮರಳಿ ಬರಲಿಲ್ಲ. ನಾವು ಬಿಟ್ಟುಬಂದ ಊರಿನಲ್ಲಾಗಲಿ, ಬಂದು ಸೇರಿದ ಊರಿನಲ್ಲಾಗಲಿ, ಹಲಗೆಗಳ ಹಿಂದೆ ಯಾವ ಗೋಡೆ ಉಳಿದಿದೆಯೆಂದು ಆಗಾಗ ನೋಡಿಕೊಳ್ಳುವುದು ಒಳ್ಳೆಯದು. ಕೆಡವುವ ಯಂತ್ರ ಬಂದು ನಿಂತ ಮೇಲೆ ಕೂಗಿದರೆ ಪ್ರಯೋಜನವಿಲ್ಲ ಎಂಬುದನ್ನು 1982ರ ನ್ಯೂಯಾರ್ಕ್ ಕಲಿಸಿಕೊಟ್ಟಿದೆ.