ಅಕ್ಷರಗಳ ವಲಸೆ: ಹಳೆಯ ತಂತ್ರಾಂಶ, ಹೊಸ ಗಣಕಯಂತ್ರ

ಕನ್ನಡದ ಪ್ರಾಚೀನ ಕಾವ್ಯಗಳು ಇಂದು ನಮ್ಮ ಕೈಸೇರಿವೆಯೆಂದರೆ ಅದಕ್ಕೆ ಕವಿಗಳಷ್ಟೇ ಕಾರಣರಲ್ಲ, ಅವುಗಳನ್ನು ಪ್ರತಿಮಾಡಿದವರೂ ಕಾರಣರು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ನಮ್ಮ ಸಾಹಿತ್ಯಚರಿತ್ರೆಯ ಪ್ರಸಿದ್ಧ ಸಂಗತಿ. ಓಲೆಗರಿಗೆ ಆಯುಸ್ಸು ಇಷ್ಟೇ ಎಂಬುದನ್ನು ಬಲ್ಲ ಹೆಣ್ಣುಮಗಳ ವಿವೇಕ ಅದು. ಅನಂತರದ ಕಾಲದಲ್ಲಿ ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಓಲೆಗರಿಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತಂದರು. ಗರಿಯಿಂದ ಕಾಗದಕ್ಕೆ, ಕಂಠದಿಂದ ಅಚ್ಚುಮೊಳೆಗೆ ಕನ್ನಡದ ಅಕ್ಷರ ಹೀಗೆ ಮನೆ ಬದಲಿಸುತ್ತಲೇ ಬಂದಿದೆ.

ನಮ್ಮ ತಲೆಮಾರಿನಲ್ಲಿ ಈ ಅಕ್ಷರಗಳು ಮತ್ತೊಮ್ಮೆ ಮನೆ ಬದಲಿಸಿದವು. ಅವು ಗಣಕಯಂತ್ರವನ್ನು ಹೊಕ್ಕವು. ಆದರೆ ಗರಿಗೆ ಮುನ್ನೂರು ವರ್ಷ ಆಯುಸ್ಸಿದ್ದರೆ, ಗಣಕದ ತಂತ್ರಾಂಶಕ್ಕೆ ಹತ್ತು ವರ್ಷವೇ ಹೆಚ್ಚು. ಈ ವೇಗದಲ್ಲಿ ನಾವು ಏನನ್ನು ಉಳಿಸಿಕೊಂಡೆವು, ಏನನ್ನು ಕಳೆದುಕೊಳ್ಳುವ ಅಂಚಿನಲ್ಲಿದ್ದೇವೆ ಎಂಬುದನ್ನು ಹೊರನಾಡಿನ ಕನ್ನಡಿಗರ ಮುಂದಿಡುವುದು ಈ ಲೇಖನದ ಉದ್ದೇಶ. ನಾನು ತಂತ್ರಜ್ಞಳಲ್ಲ. ಕಲಾ ವಿಭಾಗದಲ್ಲಿ ಓದಿ, ಗೃಹಿಣಿಯಾಗಿ ಆಕ್ಲೆಂಡಿನಲ್ಲಿ ನೆಲೆಸಿದವಳು. ಆದರೂ ಈ ವಿಷಯ ತಂತ್ರಜ್ಞರಿಗೆ ಮಾತ್ರ ಸೇರಿದ್ದಲ್ಲವೆಂಬುದು ನನ್ನ ಅನುಭವಕ್ಕೆ ಬಂದಿದೆ.

ಮೊದಲಿಗೆ ಇತಿಹಾಸವನ್ನು ನೋಡೋಣ. ಭಾರತೀಯ ಲಿಪಿಗಳನ್ನು ಗಣಕಕ್ಕೆ ತರುವ ಪ್ರಯತ್ನ 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ನಡೆಯಿತು. ಅದರ ಫಲವಾದ ‘ಜಿಸ್ಟ್’ ಎಂಬ ಕಾರ್ಡನ್ನು ಪುಣೆಯ ಸಿ-ಡ್ಯಾಕ್ ಸಂಸ್ಥೆ ಬೆಳೆಸಿತು. ಡಾಸ್ ಕಾಲದ ಗಣಕದ ಹೊಟ್ಟೆಯೊಳಗೆ ಈ ಕಾರ್ಡನ್ನು ಸಿಕ್ಕಿಸಿದರೆ ತೆರೆಯ ಮೇಲೆ ಕನ್ನಡ ಮೂಡುತ್ತಿತ್ತು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯು ‘ಇಸ್ಕಿ’ ಎಂಬ ಸಂಕೇತಕ್ರಮವನ್ನು ಮಾನಕವಾಗಿ ಅಂಗೀಕರಿಸಿತು. ಇದೇ ಹೊತ್ತಿಗೆ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳಲ್ಲೇ ಇಡೀ ಕನ್ನಡ ವರ್ಣಮಾಲೆಯನ್ನು ಅಡಕಗೊಳಿಸುವ ಉಚ್ಚಾರಣಾನುಸಾರಿ ವಿನ್ಯಾಸವೊಂದನ್ನು ರೂಪಿಸಿದರು. ‘ಕೆ’ ಒತ್ತಿದರೆ ಕ, ದೊಡ್ಡಕ್ಷರದ ‘ಕೆ’ ಒತ್ತಿದರೆ ಖ, ನಡುವೆ ‘ಎಫ್’ ಒತ್ತಿದರೆ ಒತ್ತಕ್ಷರ. ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದೇ ಹೆಸರಿಟ್ಟು ಆ ತಂತ್ರಾಂಶವನ್ನು ಅವರು ಕನ್ನಡಿಗರಿಗೆ ನೀಡಿದರು. ಅನಂತರ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮೊದಲಾದ ವಾಣಿಜ್ಯ ತಂತ್ರಾಂಶಗಳು ಪತ್ರಿಕಾಲಯಗಳನ್ನೂ ಮುದ್ರಣಾಲಯಗಳನ್ನೂ ಸೇರಿದವು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಹೊರನಾಡಿನ ಕನ್ನಡಿಗರ ಮನೆಗಳಿಗೆ ಕನ್ನಡ ಬೆರಳಚ್ಚನ್ನು ತಂದ ಕೀರ್ತಿ ಬಹುಮಟ್ಟಿಗೆ ಅದರದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕರ್ನಾಟಕದ ಸರಕಾರಿ ಕಚೇರಿಗಳಲ್ಲಿ ನೆಲೆಗೊಂಡಿತು.

ಈ ತಂತ್ರಾಂಶಗಳಲ್ಲಿ ಹೆಚ್ಚಿನವು ಒಂದು ಉಪಾಯವನ್ನು ಅವಲಂಬಿಸಿದ್ದವು. ಅಂದಿನ ಗಣಕಕ್ಕೆ ಗೊತ್ತಿದ್ದುದು ಹೆಚ್ಚೆಂದರೆ 256 ಸಂಕೇತಗಳು. ಅವೂ ಇಂಗ್ಲಿಷಿಗಾಗಿ ಮೀಸಲಾದವು. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಲೆಕ್ಕ ಹಾಕಿದರೆ ಆ ಸ್ಥಳ ಎಲ್ಲಿ ಸಾಕು? ಆದುದರಿಂದ ಅಕ್ಷರಗಳನ್ನು ತಲೆಕಟ್ಟು, ಕೊಂಬು, ಒತ್ತು ಎಂದು ತುಂಡು ತುಂಡಾಗಿ ಬಿಡಿಸಿ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದರು. ಕಡತದಲ್ಲಿ ಉಳಿದದ್ದು ಇಂಗ್ಲಿಷಿನ ಸಂಕೇತ. ಫಾಂಟ್ ಎಂಬ ವೇಷ ತೊಡಿಸಿದಾಗ ಮಾತ್ರ ಅದು ಕನ್ನಡ. ವೇಷ ಕಳಚಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಒಂದು ಸಂಸ್ಥೆ ‘ಕ’ವನ್ನು ಕೂರಿಸಿದ ಜಾಗದಲ್ಲಿ ಮತ್ತೊಂದು ಸಂಸ್ಥೆ ‘ಮ’ವನ್ನು ಕೂರಿಸಿದ್ದರೆ, ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ಓದುವಂತಿರಲಿಲ್ಲ.

ಇದಕ್ಕೆ ಶಾಶ್ವತ ಪರಿಹಾರವಾಗಿ ಬಂದುದು ಯೂನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಬೀದಿ ದೊರೆಯಿತು. ಆದರೆ ಬೀದಿ ದೊರೆತ ಮಾತ್ರಕ್ಕೆ ವಾಸ ಆರಂಭವಾಗಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯು ‘ತುಂಗಾ’ ಎಂಬ ಫಾಂಟಿನೊಡನೆ ಕನ್ನಡವನ್ನು ತನ್ನೊಳಗೇ ಸೇರಿಸಿಕೊಂಡ ಮೇಲೆಯೇ ಸಾಮಾನ್ಯ ಬಳಕೆದಾರರಿಗೆ ಇದು ಎಟುಕಿತು.

ಹೊಸದು ಬಂದಿತು, ಹಳೆಯದರ ಗತಿ ಏನಾಯಿತು? ಜಿಸ್ಟ್ ಕಾರ್ಡನ್ನು ಸಿಕ್ಕಿಸುವ ಕಿಂಡಿಯೇ ಈಗಿನ ಗಣಕಗಳಲ್ಲಿ ಇಲ್ಲ. ಕೆಲವು ವಾಣಿಜ್ಯ ತಂತ್ರಾಂಶಗಳೊಡನೆ ಬರುತ್ತಿದ್ದ ಬೀಗದಂಥ ಸಾಧನವನ್ನು ಪ್ರಿಂಟರಿನ ಕಿಂಡಿಗೆ ಚುಚ್ಚಬೇಕಿತ್ತು. ಆ ಕಿಂಡಿಯೂ ಮಾಯವಾಯಿತು. ಡಾಸ್ ಹಾಗೂ ಹಳೆಯ ವಿಂಡೋಸಿನ 16 ಬಿಟ್ ತಂತ್ರಾಂಶಗಳನ್ನು 32 ಬಿಟ್‌ನ ವಿಂಡೋಸ್ ಹೇಗೋ ನಡೆಸಿಕೊಂಡು ಬಂದಿತು. 64 ಬಿಟ್‌ನ ವಿಂಡೋಸ್ ಆ ಸೌಲಭ್ಯವನ್ನು ಕೈಬಿಟ್ಟಿತು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್‌ನ ರೂಪವೇ ಇಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರಿನಲ್ಲಿ ಕೊನೆಗೊಂಡಿತು. ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತ ಬಂದಿದೆ.

ಈ ಸಂಕಟ ಕನ್ನಡಕ್ಕೆ ಮಾತ್ರ ಬಂದುದಲ್ಲ. ನಾನಿರುವ ನ್ಯೂಜಿಲೆಂಡಿನ ಮೂಲನಿವಾಸಿಗಳ ಮಾವೋರಿ ಭಾಷೆಯಲ್ಲಿ, ನಮ್ಮಲ್ಲಿರುವಂತೆಯೇ, ಸ್ವರದ ಹ್ರಸ್ವ ದೀರ್ಘಗಳಿಂದ ಅರ್ಥ ಬದಲಾಗುತ್ತದೆ. ‘ವಹಿನೆ’ ಎಂದರೆ ಒಬ್ಬ ಹೆಂಗಸು, ‘ವಾಹಿನೆ’ ಎಂದರೆ ಹಲವರು. ನಮ್ಮ ‘ಬಳೆ’ ಮತ್ತು ‘ಬಾಳೆ’ಗಳನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ರೋಮನ್ ಲಿಪಿಯಲ್ಲಿ ದೀರ್ಘವನ್ನು ಅಕ್ಷರದ ಮೇಲೆ ಒಂದು ಗೆರೆ ಎಳೆದು ತೋರಿಸುವುದು 1987ರಲ್ಲಿ ಸ್ಥಾಪನೆಯಾದ ಮಾವೋರಿ ಭಾಷಾ ಆಯೋಗ ಒಪ್ಪಿದ ಕ್ರಮ. 1990ರ ದಶಕದ ಗಣಕಗಳಲ್ಲಿ ಆ ಗೆರೆ ಸುಲಭವಾಗಿ ದೊರೆಯುತ್ತಿರಲಿಲ್ಲ. ಅವರೂ ನಮ್ಮಂತೆಯೇ ಫಾಂಟಿನಲ್ಲಿ ವೇಷ ಹಾಕಿದರು. ಜರ್ಮನ್ ಭಾಷೆಯ ಎರಡು ಚುಕ್ಕೆಗಳ ಅಕ್ಷರದ ಜಾಗದಲ್ಲಿ ಗೆರೆಯ ಅಕ್ಷರವನ್ನು ಕೂರಿಸಿದರು. ಆ ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಗೆರೆಯ ಬದಲು ಚುಕ್ಕೆಗಳು ಕಾಣುತ್ತಿದ್ದವು. ಅವರನ್ನೂ ಕೊನೆಗೆ ದಡ ಸೇರಿಸಿದ್ದು ಯೂನಿಕೋಡೇ.

ಇಲ್ಲಿನ ಕನ್ನಡಿಗರ ಕಥೆಗೆ ಬರುತ್ತೇನೆ. 1987ರ ವಲಸೆ ಕಾಯಿದೆ ಹಾಗೂ 1991ರಲ್ಲಿ ಜಾರಿಗೆ ಬಂದ ಅಂಕಪದ್ಧತಿಯಿಂದ ನ್ಯೂಜಿಲೆಂಡಿನ ಬಾಗಿಲು ವಿದ್ಯಾವಂತ ಏಷ್ಯನ್ನರಿಗೆ ತೆರೆಯಿತು. ಹಾಗೆ ಬಂದ ಕನ್ನಡ ಕುಟುಂಬಗಳು ಕೆಲವೇ ಇದ್ದಾಗ ನಮ್ಮ ಬಡಾವಣೆಯ ಬಳಗವೊಂದು ಯುಗಾದಿಗೂ ದೀಪಾವಳಿಗೂ ಒಂದು ಪುಟ್ಟ ಪತ್ರಿಕೆ ತರುತ್ತಿತ್ತು. ಬೆಂಗಳೂರಿನಿಂದ ಯಾರೋ ತಂದ ತಂತ್ರಾಂಶದಲ್ಲಿ ಬೆರಳಚ್ಚಿಸಿ, ನಲವತ್ತು ಪ್ರತಿ ತೆಗೆದು ಹಂಚುವುದು ವಾಡಿಕೆ. ಕೆಲವು ವರ್ಷಗಳ ಹಿಂದೆ ಹಿರಿಯರೊಬ್ಬರ ಮನೆ ಖಾಲಿ ಮಾಡುವಾಗ ಆ ಪತ್ರಿಕೆಯ ಹದಿನಾಲ್ಕು ಫ್ಲಾಪಿಗಳು ದೊರೆತವು. ಕಾಗದದ ಪ್ರತಿಗಳು ಐದೇ ಸಂಚಿಕೆಯವು ಉಳಿದಿದ್ದವು.

ಬಳಗದ ಯುವಕನೊಬ್ಬ ಫ್ಲಾಪಿ ಓದುವ ಸಾಧನ ತರಿಸಿದ. ಹನ್ನೊಂದು ಫ್ಲಾಪಿಗಳು ತೆರೆದವು, ಮೂರು ತೆರೆಯಲಿಲ್ಲ. ತೆರೆದವುಗಳಲ್ಲಿ ಕಂಡದ್ದು ಮೇಲೆ ಹೇಳಿದ ರೋಮನ್ ರಾಶಿ. ಆತ ಹೊಸ ಗಣಕದೊಳಗೆ ಹಳೆಯ ಗಣಕದ ಒಂದು ಮಾಯಾರೂಪವನ್ನು ನಿರ್ಮಿಸಿದ. ಡಾಸ್ ತಂತ್ರಾಂಶಗಳಿಗೆ 2002ರಿಂದ ಲಭ್ಯವಿರುವ ‘ಡಾಸ್‌ಬಾಕ್ಸ್’ ಉಂಟು. ವಿಂಡೋಸ್ ಎಕ್ಸ್‌ಪಿಯ ತಂತ್ರಾಂಶಗಳಿಗೆ ಬೇರೆ ಏರ್ಪಾಡು ಉಂಟು. ಇವು ದುಭಾಷಿಗಳಿದ್ದಂತೆ. ಹಳೆಯ ತಂತ್ರಾಂಶದ ಮಾತನ್ನು ಹೊಸ ಯಂತ್ರಕ್ಕೂ, ಯಂತ್ರದ ಮಾತನ್ನು ತಂತ್ರಾಂಶಕ್ಕೂ ತಿಳಿಸುತ್ತವೆ. ಇಪ್ಪತ್ತು ವರ್ಷ ಮಲಗಿದ್ದ ತಂತ್ರಾಂಶ ತೆರೆಯ ಮೇಲೆ ಎದ್ದು ಕುಳಿತಿತು.

ಆದರೆ ದುಭಾಷಿಯನ್ನು ಎಷ್ಟು ದಿನ ಮನೆಯಲ್ಲಿಟ್ಟುಕೊಳ್ಳುವುದು? ತಿಗಳಾರಿ ಲಿಪಿಯ ಗರಿಯನ್ನು ಓದಬಲ್ಲ ಪಂಡಿತರು ಇರುವಾಗಲೇ ಅದನ್ನು ಕನ್ನಡಕ್ಕೆ ಇಳಿಸಿಕೊಳ್ಳಬೇಕಲ್ಲವೆ? ಆದ್ದರಿಂದ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿದೆವು. ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಆದರೂ ಅವು ಕಣ್ಣಿಲ್ಲದ ಲಿಪಿಕಾರರು. ‘ಸೂರ್ಯ’ ಎಂಬ ಪದವನ್ನು ಅರ್ಕಾವತ್ತಿನಲ್ಲಿ ಬರೆದರೆ ಹಳೆಯ ಕ್ರಮದಲ್ಲಿ ಆ ಚಿಹ್ನೆ ‘ಯ’ದ ಅನಂತರ ದಾಖಲಾಗಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರೇಫ ಮೊದಲು ಬರಬೇಕು. ಈ ಸ್ಥಳಾಂತರ ತಪ್ಪಿದಲ್ಲೆಲ್ಲ ಪದ ಕೆಡುತ್ತದೆ. ಕಾಗದದ ಪ್ರತಿಯಿದ್ದ ಕಡೆ ಹೋಲಿಸಿ, ಇಲ್ಲದ ಕಡೆ ಭಾಷೆಯ ಬಲದಿಂದ ಊಹಿಸಿ ಕರಡು ತಿದ್ದುವ ಕೆಲಸ ನನ್ನ ಪಾಲಿಗೂ ಇನ್ನಿಬ್ಬರು ಗೃಹಿಣಿಯರ ಪಾಲಿಗೂ ಬಂತು. ಏಳು ತಿಂಗಳು ಹಿಡಿಯಿತು. ಯಂತ್ರ ಮಾಡಲಾರದ ಆ ಕೆಲಸಕ್ಕೆ ಬೇಕಾದುದು ಕನ್ನಡ ಬಲ್ಲ ಕಣ್ಣು ಮತ್ತು ತಾಳ್ಮೆ.

ಆ ಪುಟಗಳಲ್ಲಿ ಮಹಾಕಾವ್ಯವೇನೂ ಇರಲಿಲ್ಲ. ವಸಂತಋತುವಿನಲ್ಲಿ ಬರುವ ದೀಪಾವಳಿಯನ್ನು ಕಂಡು ಬೆರಗಾದ ಅಜ್ಜಿಯೊಬ್ಬರ ಬರಹವಿತ್ತು. ಕರಿಬೇವು ಯಾವ ಅಂಗಡಿಯಲ್ಲಿ ಸಿಗುತ್ತದೆಂಬ ಸೂಚನೆಯಿತ್ತು. ಇಲ್ಲಿ ಹುಟ್ಟಿದ ಮಕ್ಕಳ ಹೆಸರುಗಳಿದ್ದವು. ಇಲ್ಲಿಯೇ ತೀರಿಕೊಂಡ ಮೊದಲ ಹಿರಿಯರಿಗೆ ಸಲ್ಲಿಸಿದ ನುಡಿನಮನವಿತ್ತು. ಇವನ್ನು ಬೇರಾವ ಗ್ರಂಥಾಲಯವೂ ಹೊಂದಿಲ್ಲ. ಇಲ್ಲಿ ನಾವು ಹೇಗೆ ಬೇರೂರಿದೆವು ಎಂದು ನಮ್ಮ ಮೊಮ್ಮಕ್ಕಳು ಕೇಳಿದರೆ ತೋರಿಸಲು ಇರುವ ಶಾಸನ ಇದೊಂದೇ. ತೆರೆಯದ ಮೂರು ಫ್ಲಾಪಿಗಳಲ್ಲಿ ಏನಿತ್ತೆಂದು ಹೇಳಬಲ್ಲವರು ಈಗ ಯಾರೂ ಇಲ್ಲ.

ನ್ಯೂಜಿಲೆಂಡಿನ ಸರಕಾರ ಈ ಬಗೆಯ ನಷ್ಟವನ್ನು ಮೊದಲೇ ಮನಗಂಡಿತು. 2003ರ ರಾಷ್ಟ್ರೀಯ ಗ್ರಂಥಾಲಯ ಕಾಯಿದೆ ವಿದ್ಯುನ್ಮಾನ ಪ್ರಕಟಣೆಗಳನ್ನೂ ಸಂರಕ್ಷಣೆಯ ವ್ಯಾಪ್ತಿಗೆ ತಂದಿತು. ವೆಲಿಂಗ್ಟನ್ನಿನ ರಾಷ್ಟ್ರೀಯ ಗ್ರಂಥಾಲಯ 2008ರಲ್ಲಿ ರಾಷ್ಟ್ರೀಯ ಡಿಜಿಟಲ್ ಪರಂಪರೆಯ ಭಂಡಾರವನ್ನು ತೆರೆಯಿತು. ಒಂದು ದೇಶ ತನಗಾಗಿ ಮಾಡಿಕೊಂಡ ವ್ಯವಸ್ಥೆಯನ್ನು ಚದುರಿಹೋದ ನಮ್ಮಂಥ ಸಮುದಾಯ ತನಗೆ ತಕ್ಕ ಪ್ರಮಾಣದಲ್ಲಿ ಮಾಡಿಕೊಳ್ಳಬಾರದೇಕೆ?

ಇಲ್ಲೊಂದು ಸ್ವಾರಸ್ಯವನ್ನು ಹೇಳಬೇಕು. ಡಾಸ್ ಹೋಯಿತು, ಫ್ಲಾಪಿ ಹೋಯಿತು, ಹಳೆಯ ಫಾಂಟುಗಳು ಮೂಲೆಗುಂಪಾದವು. ಆದರೆ ಕೆ.ಪಿ. ರಾವ್ ಅವರು ಹಾಕಿಕೊಟ್ಟ ಕೀಲಿಮಣೆಯ ವಿನ್ಯಾಸ ಸರಕಾರದ ಮಾನ್ಯತೆ ಪಡೆದು ಇಂದಿಗೂ ಕನ್ನಡಿಗರ ಬೆರಳುಗಳಲ್ಲಿ ಉಳಿದಿದೆ. ಯಂತ್ರವನ್ನು ನಂಬಿದ್ದು ಅಳಿಯಿತು, ಜನರ ರೂಢಿಯಲ್ಲಿ ಬೆರೆತದ್ದು ಉಳಿಯಿತು.

ಸಮ್ಮೇಳನಕ್ಕೆ ಆಗಮಿಸಿರುವ ಪ್ರತಿನಿಧಿಗಳಲ್ಲಿ ನನ್ನ ವಿನಂತಿ ಇಷ್ಟೆ. ತಾವು ಊರಿಗೆ ಮರಳಿದ ಮೇಲೆ ತಮ್ಮ ಕೂಟದ ಹಳೆಯ ಕಪಾಟನ್ನು ತೆರೆಸಿರಿ. ಫ್ಲಾಪಿ, ಸಿ.ಡಿ.ಗಳಲ್ಲಿರುವುದನ್ನು ಮೊದಲು ಹೊಸ ಸಂಗ್ರಹಕ್ಕೆ ಇಳಿಸಿರಿ. ಯಾವ ತಂತ್ರಾಂಶ, ಯಾವ ಫಾಂಟ್ ಎಂಬುದನ್ನು ಬರೆದಿಡಿರಿ. ಹಳೆಯ ಸ್ಮರಣ ಸಂಚಿಕೆಗಳ ಫಾಂಟುಗಳನ್ನು ಎಸೆಯದಿರಿ. ಯುವಕರು ಯಂತ್ರದ ಕೆಲಸ ನೋಡಿಕೊಳ್ಳಲಿ, ಹಿರಿಯರೂ ಗೃಹಿಣಿಯರೂ ಕರಡು ತಿದ್ದಲಿ. ಪರಿವರ್ತಿಸಿದ ಪಠ್ಯವನ್ನು ಒಂದೇ ಕಡೆ ಇಡದೆ ಮೂರು ಊರುಗಳಲ್ಲಿ ಇಡಿರಿ. ಒಂದು ಪ್ರತಿಯನ್ನು ಕಾಗದದಲ್ಲೂ ತೆಗೆಯಿರಿ. ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಲು ಲಿಪಿಕಾರರಿಗೆ ಅನ್ನ ನೀಡಬೇಕಾಗಿತ್ತು. ನಮಗೆ ಬೇಕಾದದ್ದು ಕೆಲವು ಬಿಡುವಿನ ಸಂಜೆಗಳು ಮಾತ್ರ. ಮುಂದಿನ ಸಮ್ಮೇಳನಕ್ಕೆ ಎರಡು ವರ್ಷಗಳಿವೆ. ಅಷ್ಟರೊಳಗೆ ಒಂದೊಂದು ಕೂಟವೂ ಒಂದೊಂದು ಸಂಚಿಕೆಯನ್ನಾದರೂ ಉಳಿಸಿಕೊಂಡು ಬರಲಿ.