ಸೈಕಾಲಜಿ ಎಂ.ಎ. ಆದ್ರೆ ಸಾಕಾ? ಫೀಸು ಕಟ್ಟುವ ಮುನ್ನ ಇದನ್ನು ಓದಿ

ಮಗಳು ಸೈಕಾಲಜಿ ಓದ್ತೀನಿ ಅಂದರೆ ಮನೆಯಲ್ಲಿ ಮೊದಲು ಬರುವ ಪ್ರಶ್ನೆ, 'ಓದಿ ಮುಗಿದ ಮೇಲೆ ಕ್ಲಿನಿಕ್ ಇಡಬಹುದಾ?' ಎಂಬುದು. ಉತ್ತರ: ಬರೀ ಬಿ.ಎ., ಎಂ.ಎ. ಓದಿದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಆಗುವುದಿಲ್ಲ. ಇದು ಗೊತ್ತಿಲ್ಲದೆ ಸೇರಿ, ಐದು ವರ್ಷ ಕಳೆದ ಮೇಲೆ ಪರದಾಡುವುದಕ್ಕಿಂತ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಯಾರು ಯಾರು?

* ಸೈಕಿಯಾಟ್ರಿಸ್ಟ್ (ಮನೋವೈದ್ಯ): ಎಂಬಿಬಿಎಸ್ ಮಾಡಿ, ನಂತರ ಎಂ.ಡಿ. ಮಾಡಿದ ಡಾಕ್ಟರ್. ಮಾತ್ರೆ ಬರೆದುಕೊಡುತ್ತಾರೆ. ಈ ದಾರಿಗೆ ಪಿಯುಸಿ ಸೈನ್ಸ್ ಮತ್ತು ನೀಟ್ ಬೇಕೇ ಬೇಕು.
* ಕ್ಲಿನಿಕಲ್ ಸೈಕಾಲಜಿಸ್ಟ್: ಮಾನಸಿಕ ಕಾಯಿಲೆಗೆ ಪರೀಕ್ಷೆ, ಥೆರಪಿ ಮಾಡುವವರು. ಮಾತ್ರೆ ಬರೆಯುವಂತಿಲ್ಲ.
* ಕೌನ್ಸೆಲರ್: ಶಾಲೆ, ಕಾಲೇಜು, ಸಂಸ್ಥೆಗಳಲ್ಲಿ ಆಪ್ತ ಸಮಾಲೋಚನೆ ಮಾಡುವವರು. ಹೆಚ್ಚಿನ ಕಡೆ ಸೈಕಾಲಜಿ ಎಂ.ಎ. ಅಥವಾ ಕೌನ್ಸೆಲಿಂಗ್ ಡಿಪ್ಲೊಮಾ ಕೇಳುತ್ತಾರೆ.

ಓದಿನ ದಾರಿ

ಪಿಯುಸಿ ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದೇ ಆಗಿರಲಿ, ಸೈಕಾಲಜಿ ಇರುವ ಬಿ.ಎ.ಗೆ ಸೇರಬಹುದು. ನಂತರ ಎರಡು ವರ್ಷದ ಎಂ.ಎ. ಅಥವಾ ಎಂ.ಎಸ್ಸಿ. ಮೈಸೂರು, ಬೆಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಈ ವಿಭಾಗವಿದೆ. ಮೈಸೂರಿನ ವಿಭಾಗ ಶುರುವಾಗಿದ್ದು 1924ರಲ್ಲಿ, ದೇಶದ ಹಳೆಯ ಸೈಕಾಲಜಿ ವಿಭಾಗಗಳಲ್ಲಿ ಅದೂ ಒಂದು. ಅದನ್ನು ಕಟ್ಟಿದ ಡಾ. ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ' ರೇಡಿಯೊ ಕೇಂದ್ರ ಆರಂಭಿಸಿದವರು.

ಅಸಲಿ ಗಂಟು ಇಲ್ಲಿದೆ

ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ಮಾನ್ಯತೆ ಇರುವ ತರಬೇತಿ ಮುಗಿಸಿ, ಅಲ್ಲಿ ನೋಂದಣಿ ಮಾಡಿಸಬೇಕು. ಇಷ್ಟು ವರ್ಷ ಇದಕ್ಕೆ ಮುಖ್ಯ ದಾರಿ ಎಂ.ಎ. ನಂತರದ ಎರಡು ವರ್ಷದ ಎಂ.ಫಿಲ್. ಇದು ಪೂರ್ತಿ ಆಸ್ಪತ್ರೆಯಲ್ಲೇ ನಡೆಯುವ ತರಬೇತಿ, ಹಿರಿಯರ ಉಸ್ತುವಾರಿಯಲ್ಲಿ ರೋಗಿಗಳನ್ನು ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇದಕ್ಕೆ ಹೆಸರುವಾಸಿ. ಸೀಟು ಕಮ್ಮಿ, ಪ್ರವೇಶ ಪರೀಕ್ಷೆ ಕಠಿಣ.

ದೇಶದಲ್ಲಿ ಎಂ.ಫಿಲ್ ಪದವಿಯನ್ನೇ ಯುಜಿಸಿ ನಿಲ್ಲಿಸಿದ್ದು, ಕ್ಲಿನಿಕಲ್ ಸೈಕಾಲಜಿಗೆ 2025-26ರ ಪ್ರವೇಶದವರೆಗೆ ವಿನಾಯಿತಿ ಕೊಟ್ಟಿತ್ತು. ಇದರ ಜಾಗಕ್ಕೆ ಆರ್‌ಸಿಐ ಕ್ಲಿನಿಕಲ್ ಸೈಕಾಲಜಿಯಲ್ಲೇ ಬಿ.ಎಸ್ಸಿ. ಆನರ್ಸ್, ಎಂ.ಎ., ಸೈ.ಡಿ. ಕೋರ್ಸ್‌ಗಳನ್ನು ತಂದಿದೆ. ಹಾಗಾಗಿ ಅಕ್ಕಪಕ್ಕದವರು ಐದು ವರ್ಷದ ಹಿಂದೆ ಓದಿದ ದಾರಿಯನ್ನೇ ನಂಬಿ ಹೋಗಬೇಡಿ.

ಆರ್‌ಸಿಐ ಕಾಯ್ದೆ 1992ರ ಪ್ರಕಾರ ನೋಂದಣಿ ಇಲ್ಲದೆ ಪ್ರಾಕ್ಟೀಸ್ ಮಾಡಿದರೆ ಒಂದು ವರ್ಷದವರೆಗೆ ಜೈಲು, 1,000 ರೂ.ವರೆಗೆ ದಂಡ ಅಥವಾ ಎರಡೂ ಆಗಬಹುದು.

ಮನೆಯಲ್ಲೇ ಕೂತು ಓದಬಹುದಾ?

ಅಂಗಡಿ, ಕೆಲಸ ನೋಡಿಕೊಂಡು ದೂರಶಿಕ್ಷಣದಲ್ಲಿ ಸೈಕಾಲಜಿ ಓದೋಣ ಎಂದುಕೊಂಡವರು ಗಮನಿಸಿ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ನಡೆಸಬಾರದು ಎಂದು ಯುಜಿಸಿ ಸೂಚಿಸಿದೆ. 'ಆರು ತಿಂಗಳಲ್ಲಿ ಸೈಕಾಲಜಿಸ್ಟ್ ಆಗಿ' ಎಂಬ ಜಾಹೀರಾತಿನ ಸರ್ಟಿಫಿಕೇಟ್‌ಗೆ ಆರ್‌ಸಿಐ ನೋಂದಣಿ ಸಿಗುವುದಿಲ್ಲ.

ಫೀಸು ಕಟ್ಟುವ ಮುನ್ನ ಕೇಳಿ

1. ಈ ಕೋರ್ಸ್‌ಗೆ, ಈ ವರ್ಷಕ್ಕೆ ಆರ್‌ಸಿಐ ಮಾನ್ಯತೆ ಇದೆಯಾ? ಕಾಲೇಜಿನವರ ಬಾಯಿಮಾತು ಸಾಲದು, ಆರ್‌ಸಿಐ ವೆಬ್‌ಸೈಟ್‌ನ ಪಟ್ಟಿ ನೋಡಿ.
2. ತರಬೇತಿ ಯಾವ ಆಸ್ಪತ್ರೆಯಲ್ಲಿ?
3. ಮುಗಿದ ಮೇಲೆ ನೋಂದಣಿ ಸಿಗುತ್ತದಾ, ಯಾವ ಹೆಸರಿನಲ್ಲಿ?

ಚಿಕಿತ್ಸೆಗೆ ಹೋಗುವವರಿಗೂ ಇದೇ ಮಾತು: ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಿದವರ ಆರ್‌ಸಿಐ ನೋಂದಣಿ ಸಂಖ್ಯೆ ಕೇಳುವುದು ತಪ್ಪಲ್ಲ. ತುರ್ತಾಗಿ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ-ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.